ಮೂರು ಗಂಟೆಯ ವಾದಕರು

ಗ್ರಾಮಫೋನ್ ಪ್ಲೇಟಿನ ನಡುವೆ ಅಂಟಿಸಿರುವ ದುಂಡು ಕಾಗದದ ಮೇಲೆ ಸಾಮಾನ್ಯವಾಗಿ ಮೂರು ನಾಲ್ಕು ಹೆಸರುಗಳು ಇರುತ್ತವೆ. ಕೃತಿಯನ್ನು ರಚಿಸಿದವನ ಹೆಸರು ಒಂದು. ವಾದ್ಯವೃಂದವನ್ನು ನಡೆಸಿದ ನಾಯಕನ ಹೆಸರು ಒಂದು. ವಿಶೇಷವಾಗಿ ಹಾಡಿದವರೋ ಪಿಯಾನೊ ನುಡಿಸಿದವರೋ ಇದ್ದರೆ ಅವರ ಹೆಸರು ಒಂದು. ಎಲ್ಲಕ್ಕೂ ಕೊನೆಯಲ್ಲಿ ವೃಂದದ ಹೆಸರು. ಈ ಕೊನೆಯ ಹೆಸರೊಂದರೊಳಗೆ ಎಪ್ಪತ್ತು ಎಂಬತ್ತು ಮಂದಿ ಅಡಗಿರುತ್ತಾರೆ. ಪ್ಲೇಟು ತಿರುಗುವಾಗ ನಮ್ಮ ಕಿವಿಗೆ ಬೀಳುವ ನಾದವೆಲ್ಲವೂ ಅವರ ಬಿಲ್ಲಿನಿಂದ, ಉಸಿರಿನಿಂದ, ಬೆರಳಿನಿಂದ ಹೊರಟದ್ದೇ; ನಾಯಕನ ಕೈಕೋಲಿನಿಂದ ಒಂದು ಸ್ವರವೂ ಹೊರಡುವುದಿಲ್ಲ. ಹೀಗಿದ್ದರೂ ಆ ಜನ ಯಾರು, ಅವರ ಕೆಲಸ ಎಂಥದು, ಅವರಿಗೆ ದೊರೆತದ್ದೇನು ಎಂದು ಕೇಳುವವರು ವಿರಳ. ದೊಡ್ಡ ನಾಯಕರ ಚರಿತ್ರೆಗಳು ಬೇಕಾದಷ್ಟು ಅಚ್ಚಾಗಿವೆ. ಮುದ್ರಣಶಾಲೆಯ ಕುರ್ಚಿಯಲ್ಲಿ ಕುಳಿತು ಗಂಟೆಯ ಲೆಕ್ಕದಲ್ಲಿ ನುಡಿಸಿದವರ ಸಂಗತಿಯನ್ನು ಈ ದಿನ ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇನೆ.

ಇದಕ್ಕಾಗಿ ಲಂಡನ್ ನಗರದ ಫಿಲ್ಹಾರ್ಮೋನಿಯಾ ಎಂಬ ವೃಂದವನ್ನು ಆರಿಸಿಕೊಂಡಿದ್ದೇನೆ. ಕಾರಣ ಎರಡು. ಹಳೆಯ ವೃಂದಗಳು ಸಭೆಗಳಲ್ಲಿ ನುಡಿಸುವುದಕ್ಕಾಗಿ ಹುಟ್ಟಿ, ಬಿಡುವಾದಾಗ ಮುದ್ರಣಕ್ಕೆ ನುಡಿಸುತ್ತಿದ್ದವು. ಇದಾದರೋ ಮೊದಲಿನಿಂದಲೂ ಮುದ್ರಣಕ್ಕಾಗಿಯೇ ಹುಟ್ಟಿದ್ದು. ಎರಡನೆಯದಾಗಿ, ಮೈಸೂರಿನವರಾದ ನಮಗೆ ಈ ವೃಂದದ ವಿಷಯವನ್ನು ಕೇಳುವ ಹಕ್ಕು ಸ್ವಲ್ಪ ಹೆಚ್ಚಾಗಿಯೇ ಉಂಟು. ಅದು ಇನ್ನೂ ಎಳೆಯದಾಗಿದ್ದಾಗ ಅದನ್ನು ಪೋಷಿಸಿದ ಹಣದಲ್ಲಿ ಒಂದು ಪಾಲು ಮೈಸೂರಿನಿಂದ ಹೋಯಿತು. ಮಹಾರಾಜ ಜಯಚಾಮರಾಜ ಒಡೆಯರವರು 1948ರಲ್ಲಿ ಫಿಲ್ಹಾರ್ಮೋನಿಯಾ ಕಚೇರಿ ಸಂಘದ ಪ್ರಥಮಾಧ್ಯಕ್ಷರಾದರು. ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ಸಹಾಯದ್ರವ್ಯ ಕೊಡಲು ಒಪ್ಪಿದರು. ಈ ಸಂಗತಿಯನ್ನು ನಮ್ಮಲ್ಲಿ ಮಹಾರಾಜರ ರಸಿಕತೆಗೆ ದೃಷ್ಟಾಂತವಾಗಿ ಹೇಳುವುದುಂಟು, ಅದು ಸರಿಯೇ. ಆದರೆ ಆ ಹಣದಿಂದ ಕೊಂಡುಕೊಂಡ ಪದಾರ್ಥವಾದರೂ ಏನು? ವಾದ್ಯಗಳಲ್ಲ, ಕಟ್ಟಡವಲ್ಲ. ಕೊಂಡದ್ದು ವಾದಕರ ಗಂಟೆಗಳನ್ನು.

ಲಂಡನ್ನಿನಲ್ಲಿ ವಾದಕನ ವೃತ್ತಿ ಹಿಂದಿನಿಂದಲೂ ದಿನಗೂಲಿಯ ವೃತ್ತಿ. ನಮ್ಮ ಅರಮನೆಯ ವಿದ್ವಾಂಸರಿಗೆ ಇದ್ದಂತೆ ತಿಂಗಳ ಸಂಬಳ, ಹಬ್ಬದ ಖಿಲ್ಲತ್ತು, ಮುಪ್ಪಿನಲ್ಲಿ ಆಶ್ರಯ, ಇವೊಂದೂ ಅಲ್ಲಿ ಇರಲಿಲ್ಲ. ಒಂದು ಸಂಜೆ ಸಂಗೀತಸಭೆಯಲ್ಲಿ, ಮರುದಿನ ನಾಟಕಶಾಲೆಯಲ್ಲಿ, ಭಾನುವಾರ ಇಗರ್ಜಿಯಲ್ಲಿ, ಬೇಸಗೆಯಲ್ಲಿ ಸಮುದ್ರತೀರದ ಊರುಗಳ ಬ್ಯಾಂಡಿನಲ್ಲಿ, ಹೀಗೆ ಎಲ್ಲಿ ಕರೆ ಬಂತೋ ಅಲ್ಲಿ ನುಡಿಸಿ ಹೊಟ್ಟೆ ಹೊರೆಯಬೇಕು. ಇದರಿಂದ ಒಂದು ವಿಚಿತ್ರ ಪದ್ಧತಿ ಬೆಳೆಯಿತು. ಕಡಮೆ ಹಣದ ಒಂದು ಕಚೇರಿಗೆ ಒಪ್ಪಿಕೊಂಡವನಿಗೆ ಹೆಚ್ಚು ಹಣದ ಮತ್ತೊಂದು ಕರೆ ಬಂದರೆ, ಮೊದಲನೆಯದಕ್ಕೆ ತನ್ನ ಬದಲಾಗಿ ಬೇರೊಬ್ಬನನ್ನು ಕಳುಹಿಸುವುದು. ಆ ಬೇರೊಬ್ಬನಿಗೂ ಇದೇ ಅವಕಾಶ ಇತ್ತು. ಅಭ್ಯಾಸಕ್ಕೆ ಬಂದವನು ಒಬ್ಬ, ಸಭೆಯಲ್ಲಿ ಕುಳಿತವನು ಇನ್ನೊಬ್ಬ! ಹೆನ್ರಿ ವುಡ್ ಎಂಬ ನಾಯಕನಿಗೆ ಇದು ಸಹಿಸಲಾರದೆ ಹೋಗಿ, 1904ರಲ್ಲಿ ಕ್ವೀನ್ಸ್ ಹಾಲ್ ವೃಂದದಲ್ಲಿ ಇನ್ನು ಬದಲಿಗಳಿಗೆ ಅವಕಾಶವಿಲ್ಲವೆಂದು ಸಾರಲಾಯಿತು. ಆ ಅಪ್ಪಣೆಗೆ ಸುಮಾರು ನಲವತ್ತು ಮಂದಿ ವಾದಕರು ಕೊಟ್ಟ ಉತ್ತರವೆಂದರೆ ಕೆಲಸ ಬಿಟ್ಟು ಹೊರಕ್ಕೆ ನಡೆದದ್ದು. ಅವರು ಅದೇ ವರ್ಷ ತಾವೇ ಒಡೆಯರಾಗಿ ಕಟ್ಟಿದ ಸಂಸ್ಥೆಯೇ ಲಂಡನ್ ಸಿಂಫನಿ ವೃಂದ.

ವುಡ್‌ನ ಕೋಪ ನ್ಯಾಯವಾದದ್ದೇ. ಅಭ್ಯಾಸಮಾಡದವನು ಸಭೆಯಲ್ಲಿ ಕುಳಿತರೆ ಸಂಗೀತ ಕೆಡುವುದು ಖಂಡಿತ. ಆದರೆ ವರ್ಷವೆಲ್ಲ ಕೆಲಸ ಕೊಡಲಾರದ ಯಜಮಾನನು ವರ್ಷವೆಲ್ಲ ನಿಷ್ಠೆಯನ್ನು ಬಯಸುವುದು ಎಷ್ಟರಮಟ್ಟಿಗೆ ಸರಿ? ಈ ಪ್ರಶ್ನೆಗೆ ಲಂಡನ್ನಿನಲ್ಲಿ ಬಹುಕಾಲ ಯಾರೂ ಉತ್ತರ ಹೇಳಲಿಲ್ಲ. 1930ರಲ್ಲಿ ಬ್ರಿಟಿಷ್ ರೇಡಿಯೊ ಸಂಸ್ಥೆಯವರು ತಮ್ಮ ವೃಂದವನ್ನು ಕಟ್ಟಿ ವಾದಕರಿಗೆ ಸಂಬಳ ಗೊತ್ತುಮಾಡಿದಾಗ, ಆ ಒಂದು ವೃಂದದ ಮಟ್ಟಿಗೆ ಉತ್ತರ ದೊರೆಯಿತು. ಸರಿಸುಮಾರು ಅದೇ ಕಾಲದಲ್ಲಿ ವಾಕ್ಚಿತ್ರಗಳು ಬಂದು, ಮೂಕಚಿತ್ರಗಳಿಗೆ ಪರದೆಯ ಮುಂದೆ ಕುಳಿತು ನುಡಿಸುತ್ತಿದ್ದ ಸಾವಿರಾರು ಮಂದಿಯ ಅನ್ನಕ್ಕೆ ಕಲ್ಲು ಬಿತ್ತು. ಯಂತ್ರವು ಒಂದು ಕೈಯಿಂದ ಕಿತ್ತುಕೊಂಡು ಇನ್ನೊಂದು ಕೈಯಿಂದ ಕೊಡುವುದು ಆಗಿನಿಂದ ಮೊದಲಾಯಿತು ಎನ್ನಬಹುದು. ಚಿತ್ರಮಂದಿರಗಳ ಕೆಲಸ ಹೋಯಿತು, ಮುದ್ರಣಶಾಲೆಗಳ ಕೆಲಸ ಬಂತು. ಆದರೆ ಹೋದದ್ದು ಊರೂರಿನ ಸಾಮಾನ್ಯ ವಾದಕನ ಕೆಲಸ. ಬಂದದ್ದು ಲಂಡನ್ನಿನ ಕೆಲವೇ ನಿಪುಣರಿಗೆ.

ಈ ನಿಪುಣರನ್ನು ಒಂದುಗೂಡಿಸಿದವನು ವಾಲ್ಟರ್ ಲೆಗ್. ಇವನು ವಾದಕನಲ್ಲ, ನಾಯಕನಲ್ಲ, ಇ.ಎಂ.ಐ. ಎಂಬ ದೊಡ್ಡ ಗ್ರಾಮಫೋನ್ ಕಂಪೆನಿಯಲ್ಲಿ ಮುದ್ರಣಗಳನ್ನು ನಡೆಸುತ್ತಿದ್ದ ಅಧಿಕಾರಿ. ಕಿವಿ ಬಹು ಸೂಕ್ಷ್ಮ, ನಾಲಗೆ ಬಹು ಹರಿತ. ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಾಗ ಇಂಗ್ಲೆಂಡಿನ ಒಳ್ಳೆಯ ತರುಣ ವಾದಕರು ಅನೇಕರು ಸೈನ್ಯದ, ಅದರಲ್ಲಿಯೂ ವಿಮಾನದಳದ, ಬ್ಯಾಂಡುಗಳಲ್ಲಿ ಸಮವಸ್ತ್ರ ತೊಟ್ಟು ನುಡಿಸುತ್ತಿದ್ದರು. ಅವರು ಬಿಡುಗಡೆಯಾಗುವಾಗ ಹಿಡಿದುಕೊಂಡರೆ ಯೂರೋಪಿನಲ್ಲಿಯೇ ಸಮನಿಲ್ಲದ ವೃಂದವನ್ನು ಕಟ್ಟಬಹುದೆಂದು ಲೆಗ್ ಲೆಕ್ಕಹಾಕಿದನು. 1945ನೆಯ ಅಕ್ಟೋಬರ್ 27ರಂದು ಕಿಂಗ್ಸ್‌ವೇ ಹಾಲಿನಲ್ಲಿ ಫಿಲ್ಹಾರ್ಮೋನಿಯಾದ ಮೊದಲ ಕಚೇರಿ ನಡೆಯಿತು. ನಡೆಸಿದವನು ಸರ್ ಥಾಮಸ್ ಬೀಚಮ್. ಅವನು ಸಂಭಾವನೆಯಾಗಿ ತೆಗೆದುಕೊಂಡದ್ದು ಒಂದು ಚುಟ್ಟ ಮಾತ್ರ. ಬೀಚಮ್‌ಗೆ ಆ ವೃಂದ ತನ್ನದಾಗಬೇಕೆಂಬ ಆಸೆ ಇತ್ತು. ಲೆಗ್ ಬಿಟ್ಟುಕೊಡಲಿಲ್ಲ, ಬೀಚಮ್ ಮರುವರ್ಷವೇ ತನ್ನದೊಂದು ಬೇರೆ ವೃಂದವನ್ನು ಕಟ್ಟಿಕೊಂಡನು. ವಾದಕರಿಗೆ ಇದರಿಂದ ನಷ್ಟವಾಗಲಿಲ್ಲ. ಕೆಲವರು ಎರಡರಲ್ಲಿಯೂ ನುಡಿಸಿದರು.

ಇನ್ನು ಕೆಲಸದ ರೀತಿಯನ್ನು ನೋಡೋಣ. ಅದರ ಅಳತೆಗೋಲನ್ನು ಅಲ್ಲಿಯವರು ಸೆಷನ್ ಎನ್ನುತ್ತಾರೆ. ಮೂರು ಗಂಟೆಯ ಒಂದು ಪಾಳಿ ಎಂದು ತಿಳಿಯಬಹುದು. ಬೆಳಗ್ಗೆ ಹತ್ತರಿಂದ ಒಂದರವರೆಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಊಟದ ಹೊತ್ತಿಗೆ ಇನ್ನೊಂದು. ಬೇಡಿಕೆಯುಳ್ಳ ವಾದಕನು ಒಂದೇ ದಿನದಲ್ಲಿ ಮೂರನ್ನೂ, ಬೇರೆ ಬೇರೆ ಮೂರು ಸ್ಥಳಗಳಲ್ಲಿ, ಮುಗಿಸುವುದುಂಟು. ಹಣ ಪಾಳಿಗಿಷ್ಟು ಎಂದು. ಪ್ಲೇಟು ನೂರು ಮಾರಿದರೂ ಅಷ್ಟೇ, ಲಕ್ಷ ಮಾರಿದರೂ ಅಷ್ಟೇ.

ಹಳೆಯ ಕಾಲದಲ್ಲಿ ಮುದ್ರಣ ನಡೆಯುತ್ತಿದ್ದದ್ದು ಮೇಣದ ದಪ್ಪ ಬಿಲ್ಲೆಯ ಮೇಲೆ. ಹನ್ನೆರಡು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ನಾಲ್ಕೂವರೆ ನಿಮಿಷದ ಸಂಗೀತ. ನಲವತ್ತು ನಿಮಿಷದ ಸಿಂಫನಿಯನ್ನು ಒಂಬತ್ತು ಹತ್ತು ತುಂಡುಮಾಡಿ, ಒಂದೊಂದು ತುಂಡನ್ನೂ ಒಂದೇ ಉಸಿರಿನಲ್ಲಿ ನುಡಿಸಬೇಕು. ಕೆಂಪು ದೀಪ ಹೊತ್ತಿತೆಂದರೆ ಉಸಿರಾಟದ ಸದ್ದೂ ಆಗಕೂಡದು. ನಾಲ್ಕನೆಯ ನಿಮಿಷದಲ್ಲಿ ಒಬ್ಬನ ತುಟಿ ಒಂದಿಷ್ಟು ಜಾರಿತೆಂದರೆ ಉಳಿದ ಎಪ್ಪತ್ತೊಂಬತ್ತು ಮಂದಿಯ ಶ್ರಮವೂ ಮಣ್ಣುಪಾಲು. ಹೊಸ ಮೇಣ ತಂದು ಮೊದಲಿನಿಂದ. ತಾನು ನುಡಿಸಿದ್ದು ಹೇಗಿತ್ತೆಂದು ಕೇಳಿನೋಡುವ ಉಪಾಯವೂ ಇಲ್ಲ, ಏಕೆಂದರೆ ಮೇಣವನ್ನು ಒಮ್ಮೆ ನುಡಿಸಿ ಕೇಳಿದರೆ ಅದರ ಗೆರೆ ಸವೆದು ಅದು ಅಚ್ಚಿಗೆ ಬಾರದಂತಾಗುತ್ತಿತ್ತು. ನಮ್ಮ ವಿದ್ವಾಂಸರು ರಾಗಾಲಾಪನೆಯಲ್ಲಿ ಒಂದು ಸಂಚಾರ ಮನಸ್ಸಿಗೆ ಒಪ್ಪಲಿಲ್ಲವೆಂದರೆ ಅದನ್ನೇ ತಿರುಗಿಸಿ ಇನ್ನೊಂದು ಅಂದ ಮಾಡಿಬಿಡಬಲ್ಲರು. ಮುದ್ರಣದ ವಾದಕನಿಗೆ ಈ ಸ್ವಾತಂತ್ರ್ಯವಿಲ್ಲ. ಅವನ ಮುಂದೆ ಬರೆದಿಟ್ಟ ಸ್ವರವಿದೆ; ಅದು ಆ ಕ್ಷಣದಲ್ಲಿ, ಆ ಬಲದಲ್ಲಿ, ನೆರೆಯವನ ಸ್ವರಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಮೆಯಾಗದೆ ಹೊರಡಬೇಕು.

1940ರ ದಶಕದ ಕೊನೆಯ ವೇಳೆಗೆ ಮೇಣ ಹೋಗಿ ಟೇಪು ಬಂತು. ತಪ್ಪಿದ ಭಾಗವನ್ನಷ್ಟೇ ತಿರುಗಿ ನುಡಿಸಿ, ಕತ್ತರಿಸಿ ಅಂಟಿಸಬಹುದಾಯಿತು. ಇದರಿಂದ ಕೆಲಸ ಸುಲಭವಾಯಿತೆಂದು ಹೊರಗಿನವರು ಭಾವಿಸುವುದು ಸಹಜ. ಒಂದು ರೀತಿಯಲ್ಲಿ ಕಷ್ಟವೇ ಹೆಚ್ಚಿತು. ಬೆಳಗ್ಗೆ ಹತ್ತೂವರೆಗೆ ನುಡಿಸಿದ ಭಾಗಕ್ಕೆ ಹನ್ನೆರಡೂ ಮುಕ್ಕಾಲಿಗೆ ನುಡಿಸಿದ ತುಂಡನ್ನು ಅಂಟಿಸಬೇಕಾದರೆ, ಎರಡರ ಶ್ರುತಿ, ಕಾಲ, ನಾದದ ಗಾತ್ರ, ಮನೋಧರ್ಮ ಎಲ್ಲವೂ ಒಂದೇ ಆಗಿರಬೇಕು. ಅಷ್ಟು ಹೊತ್ತಿಗೆ ತಂತಿ ಇಳಿದಿರುತ್ತದೆ, ತುಟಿ ಬಾತಿರುತ್ತದೆ, ಹಸಿವೂ ಆಗಿರುತ್ತದೆ. ತನ್ನನ್ನು ತಾನೇ ನಕಲುಮಾಡುವ ಈ ವಿದ್ಯೆಯನ್ನು ಯಾವ ಸಂಗೀತಶಾಲೆಯಲ್ಲಿಯೂ ಕಲಿಸುತ್ತಿರಲಿಲ್ಲ. ಮೇಲಾಗಿ, ತಪ್ಪನ್ನು ತಿದ್ದಬಹುದೆಂದಾದ ಮೇಲೆ ಯಾವ ತಪ್ಪನ್ನೂ ಕ್ಷಮಿಸುವ ಕಾರಣ ಉಳಿಯಲಿಲ್ಲ. ಸಭೆಯಲ್ಲಿ ಗಾಳಿಯೊಡನೆ ಹಾರಿಹೋಗುತ್ತಿದ್ದ ಸಣ್ಣ ಅಪಸ್ವರ ಇಲ್ಲಿ ನೂರು ಸಲ ಕೇಳಿಬರುವ ಕಲೆಯಾಗಿ ನಿಲ್ಲುತ್ತದೆ. ಲಾಂಗ್‌ಪ್ಲೇ ಪ್ಲೇಟುಗಳ ಕಾಲದಲ್ಲಿ, ಒಂದು ಪಾಳಿಯಿಂದ ಪ್ಲೇಟಿಗೆ ಸೇರುವ ಸಂಗೀತ ಇಪ್ಪತ್ತು ನಿಮಿಷವನ್ನು ಮೀರಕೂಡದೆಂದು ವಾದಕರ ಸಂಘಕ್ಕೂ ಕಂಪೆನಿಗಳಿಗೂ ಕರಾರು ನೆಲೆಗೊಂಡಿತು. ಮೂರು ಗಂಟೆಗೆ ಇಪ್ಪತ್ತು ನಿಮಿಷ! ಈ ಲೆಕ್ಕವೊಂದೇ ಆ ಕೆಲಸದ ಸ್ವರೂಪವನ್ನು ಹೇಳುತ್ತದೆ.

ಸ್ಥಳಗಳಾದರೂ ಅಷ್ಟೇನೂ ಭವ್ಯವಾದವಲ್ಲ. ಆ್ಯಬಿ ರೋಡಿನ ದೊಡ್ಡ ಮುದ್ರಣಶಾಲೆ 1931ರಲ್ಲಿ ಎಲ್ಗಾರ್‌ನ ಕೈಯಿಂದ ಆರಂಭವಾಯಿತು. ಅದು ಮುದ್ರಣಕ್ಕೆಂದೇ ಸಿದ್ಧಪಡಿಸಿದ ಜಾಗ. ಕಿಂಗ್ಸ್‌ವೇ ಹಾಲ್ ಆದರೋ ಮೆಥೊಡಿಸ್ಟ್ ಪಂಥದವರ ಪ್ರಾರ್ಥನಾಮಂದಿರ. ಅದರ ನೆಲ ಇಳಿಜಾರು. ನೆಲದಡಿಯಲ್ಲಿ ಸುರಂಗದ ರೈಲು. ನಾದ ಮಾತ್ರ ಅಲ್ಲಿ ಅರಳುತ್ತಿದ್ದ ರೀತಿ ಬೇರೆಲ್ಲಿಯೂ ಇಲ್ಲವೆಂದು ಕಂಪೆನಿಗಳು ಆ ಜಾಗಕ್ಕಾಗಿ ಪೈಪೋಟಿ ನಡೆಸುತ್ತಿದ್ದವು. ಬಹು ಸೊಗಸಾದ ವಿಲಂಬಗತಿಯ ನಡುವೆ ಕೆಳಗಿನಿಂದ ಗುಡುಗುಡು ಸದ್ದು ಏಳುವುದು. ವಾದಕರು ವಾದ್ಯ ಕೆಳಗಿಟ್ಟು ರೈಲು ಹೋಗುವುದನ್ನು ಕಾಯುವುದು. ಕಾಯಲು ಮರೆತ ಕಡೆ ಆ ರೈಲುಗಳೂ ಪ್ಲೇಟಿನಲ್ಲಿ ಸೇರಿಹೋಗಿವೆ, ಅಲ್ಲಿ ನುಡಿಸಿದವರಂತೆಯೇ ಹೆಸರಿಲ್ಲದೆ.

ಎಲ್ಲರ ಪಾಲಿನ ಕೆಲಸವೂ ಒಂದೇ ತರದ್ದಲ್ಲ. ಪಿಟೀಲಿನವರು ಹೆಚ್ಚುಕಡಮೆ ಬಿಡುವಿಲ್ಲದೆ ಉಜ್ಜುತ್ತಲೇ ಇರಬೇಕು. ಮತ್ತೆ ಕೆಲವರ ಕೆಲಸ ಬಹುಪಾಲು ಸುಮ್ಮನಿರುವುದೇ. ದ್ವೊರ್ಝಾಕ್‌ನ ಹೊಸ ಜಗತ್ತಿನ ಸಿಂಫನಿಯಲ್ಲಿ ಕಂಚಿನ ತಾಳ ಹೊಡೆಯುವವನಿಗೆ ಇರುವುದು ಒಂದೇ ಒಂದು ಪೆಟ್ಟು, ಅದೂ ಕೊನೆಯ ಭಾಗದಲ್ಲಿ. ತೂಬಾ ಎಂಬ ಹಿರಿಯ ಕಹಳೆಯವನಿಗೆ ವಿಲಂಬ ಭಾಗದಲ್ಲಿ ಬೆರಳೆಣಿಕೆಯ ಸ್ವರಗಳು. ಇವರು ಮಾತ್ರೆಗಳನ್ನು ಎಣಿಸುತ್ತ ಕುಳಿತಿದ್ದು, ಸರಿಯಾದ ಕ್ಷಣದಲ್ಲಿ ಆ ಒಂದನ್ನು ತಪ್ಪದೆ ಹೊಡೆಯಬೇಕು. ಸುಲಭದ ಸಂಬಳವೆಂದು ನಗಬಾರದು. ಎಲ್ಲರಿಗೂ ಬೆವರು ಬಂದು ಕೈ ಬಿಸಿಯಾಗಿರುವಾಗ ಇವರದು ತಣ್ಣಗಿರುತ್ತದೆ. ತಪ್ಪಿದರೆ ಮರೆಮಾಚಲು ಪಕ್ಕದಲ್ಲಿ ಯಾರೂ ಇಲ್ಲ.

ನಮ್ಮ ಪಕ್ಕವಾದ್ಯದ ಸಂಪ್ರದಾಯಕ್ಕೆ ಇದನ್ನು ಹೋಲಿಸಿನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಪಿಟೀಲಿನವರ ಮುಂದೆ ಬರೆದ ಕಾಗದವಿಲ್ಲ. ಹಾಡುವವರ ಮನಸ್ಸನ್ನು ಓದುವುದೇ ಅವರ ವಿದ್ಯೆ. ತಮ್ಮ ಸರದಿ ಬಂದಾಗ ತಾವೂ ಒಂದು ಆಲಾಪನೆ ಮಾಡಿ ಸಭೆಯ ತಲೆದೂಗಿಸಬಹುದು. ಕಚೇರಿಯ ಪತ್ರಿಕೆಯಲ್ಲಿ ಅವರ ಹೆಸರೂ ಅಚ್ಚಾಗಿರುತ್ತದೆ. ಮೈಸೂರಿನ ಚೌಡಯ್ಯನವರು ದೊಡ್ಡ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಲೆಂದು 1927ರಲ್ಲಿ ಪಿಟೀಲಿಗೆ ಏಳು ತಂತಿ ಕಟ್ಟಿದರು. ಲಂಡನ್ನಿನ ಮುದ್ರಣಶಾಲೆಯಲ್ಲಿ ಪಿಟೀಲುಗಳ ನಡುವೆ ಒಂದು ಪಿಟೀಲು ಬೇರೆಯಾಗಿ ಕೇಳಿಬಂದರೆ ಅದು ಗುಣವಲ್ಲ, ದೋಷ. ಕೇಳಿಸದಂತೆ ನುಡಿಸುವುದರಲ್ಲಿಯೇ ಅಲ್ಲಿ ಪಾಂಡಿತ್ಯ. ಮದರಾಸು, ಮುಂಬಯಿಗಳಲ್ಲಿ ನಮ್ಮ ಚಲಚ್ಚಿತ್ರದ ಹಾಡುಗಳಿಗೆ ನುಡಿಸಿದವರ ಪಾಡೂ ಇದೇ.

ಹಾಗೆಂದು ವ್ಯಕ್ತಿಗಳೇ ಇರಲಿಲ್ಲವೆಂದಲ್ಲ. ಫಿಲ್ಹಾರ್ಮೋನಿಯಾದ ಕೊಂಬಿನ ವಾದಕ ಡೆನಿಸ್ ಬ್ರೇನ್ 1921ರಲ್ಲಿ ಕೊಂಬೂದುವವರ ಮನೆತನದಲ್ಲಿ ಹುಟ್ಟಿದವನು; ಯುದ್ಧಕಾಲದಲ್ಲಿ ವಿಮಾನದಳದ ಬ್ಯಾಂಡಿನಲ್ಲಿದ್ದವನು. ಪಾಶ್ಚಾತ್ಯ ಕೊಂಬು ಬಹು ವಿಶ್ವಾಸಘಾತಕ ವಾದ್ಯ. ಒಂದೇ ಬೆರಳೊತ್ತಿನಲ್ಲಿ ನಾಲ್ಕಾರು ಸ್ವರಗಳು ಒತ್ತೊತ್ತಾಗಿ ಅಡಗಿರುವುದರಿಂದ, ಎಣಿಸಿದ ಸ್ವರಕ್ಕೆ ಬದಲು ನೆರೆಯ ಸ್ವರ ಒಡೆದು ಬರುವುದು ಎಂಥ ವಾದಕನಿಗೂ ತಪ್ಪಿದ್ದಲ್ಲ. ಬ್ರೇನನ ಕೈಯಲ್ಲಿ ಮಾತ್ರ ಅದು ಸಾಕಿದ ಹಕ್ಕಿಯಂತೆ ನಡೆದುಕೊಳ್ಳುತ್ತಿತ್ತು. ಅವನು ಬೀಚಮ್‌ನ ವೃಂದದಲ್ಲಿಯೂ ಫಿಲ್ಹಾರ್ಮೋನಿಯಾದಲ್ಲಿಯೂ ಏಕಕಾಲದಲ್ಲಿ ಪ್ರಧಾನನಾಗಿದ್ದನು. 1953ರಲ್ಲಿ ಕರಯಾನ್‌ನ ನಾಯಕತ್ವದಲ್ಲಿ ಮೊಟ್ಸಾರ್ಟ್‌ನ ನಾಲ್ಕು ಕೊಂಬಿನ ಕೃತಿಗಳನ್ನು ನುಡಿಸಿದಾಗ ಅವನ ಹೆಸರು ಪ್ಲೇಟಿನ ಮೇಲೆ ದೊಡ್ಡದಾಗಿ ಅಚ್ಚಾಯಿತು. ಆ ಮುದ್ರಣದಲ್ಲಿ ಅವನ ಮುಂದಿದ್ದದ್ದು ಸ್ವರಪುಸ್ತಕವಲ್ಲ, ಮೋಟಾರುಗಳನ್ನು ಕುರಿತ ಪತ್ರಿಕೆ ಎಂದು ಹೇಳುತ್ತಾರೆ. ಮರುವರ್ಷ ಅದೇ ಕರಯಾನ್ ಮಸ್ಕಾನ್ಯಿಯ ಒಂದು ತುಣುಕನ್ನು ಮುದ್ರಿಸುವಾಗ ಆರ್ಗನ್ ನುಡಿಸಿದವನೂ ಬ್ರೇನನೇ. ಸಮಯಕ್ಕೆ ಬೇಕಾದುದನ್ನು ಮಾಡಿಕೊಡುವುದು ಈ ವೃತ್ತಿಯ ಧರ್ಮ.

ಮೋಟಾರಿನ ಆ ಮೋಹವೇ ಅವನಿಗೆ ಮುಳುವಾಯಿತು. 1957ರ ಆಗಸ್ಟ್ ಕೊನೆಯಲ್ಲಿ ಎಡಿನ್‌ಬರೋದ ಉತ್ಸವದಲ್ಲಿ ನುಡಿಸಿ, ರಾತ್ರಿಯೆಲ್ಲ ತಾನೇ ಕಾರು ನಡೆಸಿಕೊಂಡು ಲಂಡನ್ನಿಗೆ ಹೊರಟನು. ಸೆಪ್ಟೆಂಬರ್ 1ರ ಬೆಳಗಿನ ಜಾವ, ಊರು ಇನ್ನೇನು ಬಂತು ಎನ್ನುವಾಗ, ಹ್ಯಾಟ್‌ಫೀಲ್ಡಿನ ಬಳಿ ಕಾರು ಮರಕ್ಕೆ ಬಡಿದು ಪ್ರಾಣ ಹೋಯಿತು. ವಯಸ್ಸು ಮೂವತ್ತಾರು. ಒಂದೂರಿನಲ್ಲಿ ರಾತ್ರಿಯ ಕಚೇರಿ, ಮರುದಿನ ನಾಲ್ಕುನೂರು ಮೈಲಿಯಾಚೆ ಇನ್ನೊಂದು ಕೆಲಸ, ನಡುವೆ ನಿದ್ರೆಗೆಟ್ಟ ಪ್ರಯಾಣ, ಇದು ಆ ವಾದಕರ ದಿನಚರಿಯಲ್ಲಿ ಅಪೂರ್ವವಾದದ್ದೇನೂ ಆಗಿರಲಿಲ್ಲ.

ಈಗ ಮೈಸೂರಿನ ಹಣದ ಕಡೆಗೆ ತಿರುಗೋಣ. ಮಹಾರಾಜರು ಪಿಯಾನೊ ವಾದನದಲ್ಲಿ ಪರಿಶ್ರಮವಿದ್ದವರು. ಕರ್ಣಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಅವರ ಮನಸ್ಸಿಗೆ ಹಿಡಿದ ಪಾಶ್ಚಾತ್ಯ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್. ಇವನು ರಷ್ಯಾ ದೇಶವನ್ನು ಬಿಟ್ಟು ಬಂದು ಲಂಡನ್ನಿನಲ್ಲಿ ಬಡತನದಲ್ಲಿ, ಹೃದ್ರೋಗದಿಂದ ನರಳುತ್ತ, ಬಹುಮಟ್ಟಿಗೆ ಮರೆತುಹೋದವನಾಗಿ ಇದ್ದನು. ಅವನ ಕೃತಿಗಳನ್ನು ಅವನ ಕೈಯಿಂದಲೇ ಮುದ್ರಿಸಿಡಬೇಕೆಂದು ಮಹಾರಾಜರು ಹಣ ಕೊಟ್ಟರು. 1947ರಲ್ಲಿ ಅರವತ್ತೇಳು ವರ್ಷದ ಮೆಟ್ನರ್ ಪಿಯಾನೊ ಮುಂದೆ ಕುಳಿತು ತನ್ನ ಮೂರು ಕಾನ್‌ಚೆರ್ಟೊಗಳನ್ನೂ ಫಿಲ್ಹಾರ್ಮೋನಿಯಾದೊಡನೆ ನುಡಿಸಿದನು. ಎರಡಕ್ಕೆ ದೊಬ್ರೊವೆನ್ ನಾಯಕ, ಒಂದಕ್ಕೆ ಜಾರ್ಜ್ ವೆಲ್ಡನ್. ಮೂರನೆಯ ಕಾನ್‌ಚೆರ್ಟೊ ಮೈಸೂರಿನ ಮಹಾರಾಜರಿಗೇ ಅಂಕಿತ. ಹಿಂದೆ ಎಂದೂ ಕೇಳದ ಈ ಕೃತಿಗಳನ್ನು ವಾದಕರು ಕಾಗದ ನೋಡಿ ಹೆಚ್ಚು ಅಭ್ಯಾಸವಿಲ್ಲದೆ ಹಿಡಿದುಕೊಂಡು, ರಚಿಸಿದವನ ಎದುರಿನಲ್ಲಿಯೇ, ತುಂಡು ತುಂಡಾಗಿ ಮುಗಿಸಬೇಕಾಗಿತ್ತು. ಪ್ರಥಮದೃಷ್ಟಿಯಲ್ಲಿಯೇ ಓದಿ ನುಡಿಸುವ ಶಕ್ತಿಯನ್ನು ಲಂಡನ್ನಿನ ವಾದಕರಲ್ಲಿ ಎಲ್ಲ ದೇಶದವರೂ ಮೆಚ್ಚುತ್ತಿದ್ದರು. ಆದರೆ ಆ ಶಕ್ತಿ ಬೆಳೆದದ್ದು ಅಭ್ಯಾಸಕ್ಕೆ ಕೊಡಲು ಯಾರ ಬಳಿಯೂ ಹಣವಿಲ್ಲದ್ದರಿಂದ. ಬಡತನವು ಕಲಿಸಿದ ವಿದ್ಯೆಗಳಲ್ಲಿ ಇದೂ ಒಂದು.

ಲೆಗ್ ಮೈಸೂರಿಗೂ ಬಂದಿದ್ದನು. ಇನ್ನೂ ಮೂವತ್ತು ತುಂಬದ ಮಹಾರಾಜರ ಅರಮನೆಯಲ್ಲಿ ಅವನು ಕಂಡ ಪ್ಲೇಟುಗಳ ಭಂಡಾರ ಅವನನ್ನು ಬೆರಗುಗೊಳಿಸಿತು. ವರ್ಷಕ್ಕೆ ಹತ್ತು ಸಾವಿರ ಪೌಂಡಿನ ಆ ನೆರವು ಬಂದಮೇಲೆ ವೃಂದದ ಕಚೇರಿಗಳಿಗೆ ಭದ್ರತೆ ಒದಗಿ, ಕರಯಾನ್‌ನಂಥ ನಾಯಕನನ್ನು ಹಿಡಿದಿಟ್ಟುಕೊಳ್ಳುವುದು ಸಾಧ್ಯವಾಯಿತು. ಮಹಾರಾಜರ 'ಹೀಗೊಂದು ಇದ್ದರೆ' ಎಂಬ ಅಪೇಕ್ಷೆಯಂತೆ, ಹೆಚ್ಚು ಮಾರಾಟವಾಗುವ ಭರವಸೆಯಿಲ್ಲದ ಬಾಲಾಕಿರೆಫ್‌ನ ಮೊದಲನೆಯ ಸಿಂಫನಿ, ರೂಸೆಲ್‌ನ ನಾಲ್ಕನೆಯ ಸಿಂಫನಿ ಮುಂತಾದವು 1949ರಲ್ಲಿ ಮುದ್ರಣ ಕಂಡವು. 1950ನೆಯ ಮೇ 22ರಂದು ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಗೀತೆಗಳನ್ನು ಫ್ಲಾಗ್‌ಸ್ಟಾಟ್ ಎಂಬ ಗಾಯಕಿ ಫುರ್ಟ್‌ವೆಂಗ್ಲರ್‌ನ ನಾಯಕತ್ವದಲ್ಲಿ ಮೊದಲ ಬಾರಿಗೆ ಸಭೆಯಲ್ಲಿ ಹಾಡಿದಾಗಲೂ ವೆಚ್ಚಕ್ಕೆ ಆಧಾರ ಮೈಸೂರಿನ ಮಹಾರಾಜರೇ, ವೃಂದವೂ ಇದೇ. ಅವರು ಸಭೆಗೆ ಹೋಗಲಾಗಲಿಲ್ಲವಾದ್ದರಿಂದ ಆ ಗಾಯನವನ್ನು ಪ್ಲೇಟುಗಳ ಮೇಲೆ ಹಿಡಿದು ಮೈಸೂರಿಗೆ ಕಳುಹಿಸಿದರು. ಇದೇ ಫ್ಲಾಗ್‌ಸ್ಟಾಟ್ ಎರಡು ವರ್ಷದ ಬಳಿಕ ವಾಗ್ನರನ 'ಟ್ರಿಸ್ಟಾನ್' ಮುದ್ರಿಸುವಾಗ, ಅವಳಿಗೆ ಎಟುಕದ ತಾರಸ್ಥಾಯಿಯ ಒಂದೆರಡು ಸ್ವರಗಳನ್ನು ಶ್ವಾರ್ಟ್ಸ್‌ಕಾಫ್ ಎಂಬ ಇನ್ನೊಬ್ಬ ಗಾಯಕಿ ಗುಟ್ಟಾಗಿ ಹಾಡಿಕೊಟ್ಟಳು. ಹೆಸರಿಲ್ಲದೆ ಕೆಲಸ ಮಾಡಿಕೊಡುವ ಪದ್ಧತಿ ವಾದಕರಿಗೆ ಮಾತ್ರವೇ ಮೀಸಲಾಗಿರಲಿಲ್ಲವೆಂಬುದಕ್ಕೆ ಇದನ್ನು ಹೇಳಿದೆ.

ಕಾಯಿದೆಯ ದೃಷ್ಟಿಯಲ್ಲಿ ಇವರ ಸ್ಥಿತಿ ಏನು? ವಾದಕನ ಒಪ್ಪಿಗೆಯಿಲ್ಲದೆ ಅವನ ವಾದನವನ್ನು ಮುದ್ರಿಸಕೂಡದೆಂದು ಇಂಗ್ಲೆಂಡಿನಲ್ಲಿ 1925ರಲ್ಲಿಯೇ ಶಾಸನವಾಯಿತು. ಒಪ್ಪಿ ಕುಳಿತವನಿಗೆ ಮಾತ್ರ ಪಾಳಿಯ ಹಣದಾಚೆಗೆ ಯಾವ ಪಾಲೂ ಇರಲಿಲ್ಲ. ಆ ಪ್ಲೇಟನ್ನು ರೇಡಿಯೊದವರು ಎಷ್ಟು ಬಾರಿ ನುಡಿಸಿದರೂ, ವಾದಕನು ನೇರವಾಗಿ ತನ್ನ ಪಾಲನ್ನು ಕೇಳಬಹುದಾದ ಹಕ್ಕು ಶಾಸನದಲ್ಲಿ ಬಂದದ್ದು 1996ರಲ್ಲಿ. 1967ರ ಜನವರಿಯಲ್ಲಿ ಇದೇ ವೃಂದದ ಕಹಳೆಯ ವಾದಕ ಡೇವಿಡ್ ಮೇಸನ್ ಆ್ಯಬಿ ರೋಡಿಗೆ ಹೋಗಿ, ಬೀಟಲ್ಸ್ ಎಂಬ ತರುಣ ಗಾಯಕರ 'ಪೆನ್ನಿ ಲೇನ್' ಹಾಡಿಗೆ ಪುಟ್ಟ ಕಹಳೆಯೊಂದನ್ನು ಊದಿ ಬಂದನು. ಅವನಿಗೆ ಸಂದದ್ದು 27 ಪೌಂಡು 10 ಷಿಲ್ಲಿಂಗು. ಆ ಕೆಲವು ಆವರ್ತಗಳನ್ನು ಲೋಕದಲ್ಲಿ ಕೇಳದವರು ಕಡಮೆ. ಅದಕ್ಕೆ ಹಿಂದಿನ ವರ್ಷ ಬ್ರೇನನ ಉತ್ತರಾಧಿಕಾರಿಯಾಗಿದ್ದ ಆಲನ್ ಸಿವಿಲ್ ಅದೇ ಗಾಯಕರ ಇನ್ನೊಂದು ಹಾಡಿಗೆ ಕೊಂಬೂದಿದಾಗ ಅವರು ಅವನ ಹೆಸರನ್ನು ಪ್ಲೇಟಿನ ಹೊದಿಕೆಯ ಮೇಲೆ ಅಚ್ಚುಮಾಡಿಸಿದರು. ಅಂಥ ಸೌಜನ್ಯ ಆಗ ಎಷ್ಟು ಅಪೂರ್ವವಾಗಿತ್ತೆಂದರೆ ಇಂದಿಗೂ ಅದನ್ನು ಎತ್ತಿ ಹೇಳುತ್ತಾರೆ.

ಹಣಕ್ಕಿಂತ ದೊಡ್ಡ ಸಂಕಟ ಬಂದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಕರಯಾನ್ ಬರ್ಲಿನ್ನಿಗೆ ಹೋಗಿ, ಆಟೊ ಕ್ಲೆಂಪರರ್ ವೃಂದದ ನಾಯಕನಾಗಿದ್ದನು. ಲೆಗ್‌ಗೂ ಅವನ ಕಂಪೆನಿಗೂ ಮನಸ್ತಾಪವಾಗಿ ಅವನು ಕೆಲಸ ಬಿಡುವವನಿದ್ದನು. ಮಾರ್ಚ್ 10ರಂದು ಫಿಲ್ಹಾರ್ಮೋನಿಯಾವನ್ನು ನಿಲ್ಲಿಸಿಬಿಡುವುದಾಗಿ ಅವನು ಪ್ರಕಟಿಸಿದನು. ವೃಂದದ ಮಟ್ಟವನ್ನು ಕಾಪಾಡುವುದು ಇನ್ನು ಅಸಾಧ್ಯವಾದ್ದರಿಂದ, ಕೀಳಾಗುವುದಕ್ಕಿಂತ ಇಲ್ಲವಾಗುವುದು ಲೇಸೆಂಬುದು ಅವನ ವಾದ. ಕಟ್ಟಿದವನಿಗೆ ಕೆಡಹುವ ಹಕ್ಕುಂಟೆಂದು ಅವನು ಪ್ರಾಮಾಣಿಕವಾಗಿಯೇ ನಂಬಿದ್ದಿರಬಹುದು. ಅವನ ಕಿವಿಯಿಲ್ಲದೆ ಆ ವೃಂದ ಹುಟ್ಟುತ್ತಿರಲಿಲ್ಲವೆಂಬುದೂ ನಿಜ. ಆದರೆ ಹತ್ತೊಂಬತ್ತು ವರ್ಷ ಪಾಳಿಯ ಮೇಲೆ ಪಾಳಿ ನುಡಿಸಿ ಆ ಹೆಸರಿಗೆ ಬೆಲೆ ತಂದವರಿಗೆ ಆ ದಿನ ಒಂದು ವಿಷಯ ಮನವರಿಕೆಯಾಯಿತು. ಅವರಿಗೆ ವಾದ್ಯ ತಮ್ಮದು, ವಿದ್ಯೆ ತಮ್ಮದು. ವೃಂದ ಮಾತ್ರ ತಮ್ಮದಲ್ಲ. ಪ್ಲೇಟಿನ ಮೇಲೆ ತಮಗೆಲ್ಲ ಸೇರಿ ಇದ್ದ ಆ ಒಂದೇ ಹೆಸರೂ ಪರರ ಸ್ವತ್ತು.

ಅವರು ಸಭೆ ಸೇರಿದ್ದು ಬೇರೆಲ್ಲಿಯೂ ಅಲ್ಲ, ಕ್ಲೆಂಪರರನೊಡನೆ ಮುದ್ರಣ ನಡೆಯುತ್ತಿದ್ದ ಒಂದು ಪಾಳಿಯಲ್ಲಿಯೇ. ವೃಂದವನ್ನು ಒಡೆಯಗೊಡುವುದಿಲ್ಲವೆಂದು ಅಲ್ಲಿ ಎಲ್ಲರೂ ಏಕಕಂಠದಿಂದ ಗೊತ್ತುಮಾಡಿದರು. ಅರ್ಧ ಮೈ ಸ್ವಾಧೀನವಿಲ್ಲದ, ಎಪ್ಪತ್ತೆಂಟು ವರ್ಷದ ಕ್ಲೆಂಪರರ್ ಒಡನೆಯೇ ಅವರ ಪಕ್ಷ ವಹಿಸಿದನು. ಮಾರ್ಚ್ 17ರಂದು ಅವರು ತಮ್ಮೊಳಗಿನಿಂದಲೇ ಆಡಳಿತ ಮಂಡಲಿಯನ್ನು ಆರಿಸಿಕೊಂಡರು. ಹಳೆಯ ಹೆಸರು ಬಳಸುವಂತಿಲ್ಲದ್ದರಿಂದ ನ್ಯೂ ಫಿಲ್ಹಾರ್ಮೋನಿಯಾ ಎಂದು ಕರೆದುಕೊಂಡರು. 1904ರಲ್ಲಿ ಬದಲಿಗಳ ಹಕ್ಕಿಗಾಗಿ ಹೊರಕ್ಕೆ ನಡೆದವರ ಮಾರ್ಗವನ್ನೇ ಇವರೂ ಹಿಡಿದರು. ಅವರು ನಡೆದದ್ದು ಬೇಕೆಂದಾಗ ಬಿಟ್ಟುಹೋಗುವ ಸ್ವಾತಂತ್ರ್ಯಕ್ಕಾಗಿ, ಇವರು ನಡೆದದ್ದು ಒಟ್ಟಿಗೆ ಉಳಿಯುವ ಸ್ವಾತಂತ್ರ್ಯಕ್ಕಾಗಿ.

ಹೊಸ ಸಂಸ್ಥೆಯ ಮೊದಲ ಕಚೇರಿ 1964ರ ಅಕ್ಟೋಬರ್ 27ರಂದು, ಬೀಚಮ್ ಚುಟ್ಟಕ್ಕಾಗಿ ನಡೆಸಿದ ಕಚೇರಿಯಿಂದ ಸರಿಯಾಗಿ ಹತ್ತೊಂಬತ್ತು ವರ್ಷಕ್ಕೆ, ಅದೇ ತಾರೀಖಿನಲ್ಲಿ ನಡೆಯಿತು. ನುಡಿಸಿದ್ದು ಬೇಟ್‌ಹೋವನ್‌ನ ಒಂಬತ್ತನೆಯ ಸಿಂಫನಿ, ನಾಯಕ ಕ್ಲೆಂಪರರ್. ಹೆಸರಿನ ಮುಂದಿದ್ದ 'ನ್ಯೂ' ಎಂಬ ಮಾತು ಕಳಚಿ ಹಳೆಯ ಹೆಸರು ಅವರ ಕೈಗೆ ಬಂದದ್ದು 1977ರಲ್ಲಿ. ಆ ವೃಂದ ಈಗಲೂ ವಾದಕರ ಸ್ವಂತ ಆಡಳಿತದಲ್ಲಿ ನಡೆಯುತ್ತಿದೆ. ಅದರ ಸದಸ್ಯರಿಗೆ ಈಗಲೂ ತಿಂಗಳ ಸಂಬಳವಿಲ್ಲ. ನುಡಿಸಿದ ದಿನಕ್ಕೆ ಹಣ.